ಸ್ವಂತ ಲಾರಿಗೆ ಮುಂಗಡ ಕೊಡುವ ಮುನ್ನ: ಮಲೆನಾಡಿನ ಚಾಲಕರಿಗೆ ಹಂತ ಹಂತದ ಲೆಕ್ಕ

‘ಹತ್ತು ವರ್ಷದಿಂದ ಸಾಹುಕಾರರ ಗಾಡಿ ಓಡಿಸುತ್ತಿದ್ದೇನೆ. ಸ್ವಂತಕ್ಕೊಂದು ಲಾರಿ ಮಾಡಿಕೊಂಡರೆ ಹೇಗೆ?’ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರು ನನಗೆ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ವರ್ಷದಲ್ಲಿ ಎರಡು ಸಲ ಈ ಪ್ರಶ್ನೆಗೆ ಸುಗ್ಗಿ: ಆಯುಧಪೂಜೆಗೆ ಮುಂಚೆ ಒಮ್ಮೆ, ಹೊಸ ಅಡಿಕೆ ಮಂಡಿಗೆ ಬರತೊಡಗಿದ ಮೇಲೆ ಇನ್ನೊಮ್ಮೆ. ಆಷಾಢದಲ್ಲಿ ಮಾತ್ರ ಯಾರೂ ಕೇಳುವುದಿಲ್ಲ. ಆಗ ಕೇಳುವ ಮನಸ್ಸಾದರೆ ಅರ್ಧ ಉತ್ತರ ಕಣ್ಣೆದುರೇ ನಿಂತಿರುತ್ತದೆ, ಟಾರ್ಪಾಲು ಹೊದ್ದು, ರಸ್ತೆ ಪಕ್ಕದಲ್ಲಿ, ಲೋಡಿಲ್ಲದೆ.

ನಾನು ಎಂಟು ವರ್ಷ ಆರು ಚಕ್ರದ ಲಾರಿಯೊಂದರ ಮಾಲೀಕನೂ ಚಾಲಕನೂ ಆಗಿದ್ದವನು. ಈಗ ಬೇರೆ ಮಾಲೀಕರ ಲೆಕ್ಕ ಬರೆಯುತ್ತೇನೆ. ‘ಕೊಳ್ಳಿ’ ಅಥವಾ ‘ಬೇಡ’ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ ನೋಡಿ. ಬಹಳಷ್ಟು ಜನ ತಿರುವುಮುರುವಾಗಿ ಮಾಡುತ್ತಾರೆ. ಮೊದಲು ಗಾಡಿ, ಆಮೇಲೆ ಸಾಲ, ಕೊನೆಗೆ ಲೋಡು ಹುಡುಕಾಟ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಎನ್ನುತ್ತಾರಲ್ಲ, ಅದಕ್ಕೆ ಮಾಸಿಕ ಕಂತನ್ನೂ ಸೇರಿಸಿಕೊಂಡ ಹಾಗೆ.

ಹಂತ 1: ಗಾಡಿಯನ್ನು ಮರೆತು ಲೋಡು ಹುಡುಕಿ

ಒಂದು ಹಾಳೆ ತೆಗೆದುಕೊಂಡು ಹನ್ನೆರಡು ತಿಂಗಳ ಹೆಸರು ಬರೆಯಿರಿ. ಪ್ರತಿ ತಿಂಗಳ ಮುಂದೆ ಯಾವ ಸರಕು, ಎಲ್ಲಿಂದ ಎಲ್ಲಿಗೆ, ಯಾರು ಕೊಡುತ್ತಾರೆ ಎಂದು ತುಂಬಿಸಿ. ‘ಎಪಿಎಂಸಿಯಲ್ಲಿ ಸಿಗುತ್ತದೆ’ ಎಂದು ಬರೆದರೆ ಸಾಲದು. ಯಾವ ಮಂಡಿ, ಯಾವ ಟ್ರಾನ್ಸ್‌ಪೋರ್ಟ್ ಕಚೇರಿ, ತಿಂಗಳಿಗೆ ಎಷ್ಟು ಲೋಡು ಎಂದು ಬರೆಯಬೇಕು.

ನವೆಂಬರ್‌ನಿಂದ ಮೇವರೆಗಿನ ಸಾಲುಗಳು ಬೇಗ ತುಂಬುತ್ತವೆ. ಭತ್ತ ಮಿಲ್ಲಿಗೆ ಹೋಗಬೇಕು, ಶಿಕಾರಿಪುರದ ಕಡೆಯ ಮೆಕ್ಕೆಜೋಳ ಸಾಗಬೇಕು. ಸೊರಬ, ಸಾಗರದ ಶುಂಠಿ ಹೊರಡುತ್ತದೆ, ಚಿಕ್ಕಮಗಳೂರಿನ ಕಡೆ ಕಾಫಿ ಕ್ಯೂರಿಂಗ್‌ಗೆ ಸಾಗುತ್ತದೆ. ಅಡಿಕೆಯಂತೂ ಇದ್ದೇ ಇದೆ. ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆ ಚೀಲಗಳಲ್ಲಿ ಉತ್ತರ ಭಾರತದ ದಾರಿ ಹಿಡಿಯುತ್ತದೆ. ಮನೆ ಕಟ್ಟುವವರಿಗೆ ಜಂಬಿಟ್ಟಿಗೆ, ಜಲ್ಲಿ, ಸಿಮೆಂಟು ಬೇಕಾಗುವುದೂ ಈ ತಿಂಗಳುಗಳಲ್ಲೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ಸಾಲುಗಳ ಮುಂದೆ ಪೆನ್ನು ನಿಲ್ಲುತ್ತದೆ. ಕಟ್ಟಡದ ಕೆಲಸ ಮಂದ, ತೋಟದೊಳಗೆ ಲಾರಿ ಹೋಗದು, ಒಣ ಸರಕನ್ನು ಮಳೆಯಲ್ಲಿ ಕಳಿಸಲು ವ್ಯಾಪಾರಿ ಹಿಂಜರಿಯುತ್ತಾನೆ. ಗೊಬ್ಬರ, ಪಶು ಆಹಾರ, ದಿನಸಿ ಉಳಿಯುತ್ತವೆ. ಅವುಗಳಿಗೆ ಆಗಲೇ ವರ್ಷಗಟ್ಟಲೆ ಓಡುತ್ತಿರುವ ಗಾಡಿಗಳಿವೆ. ಆ ನಾಲ್ಕು ಸಾಲುಗಳಲ್ಲಿ ಕನಿಷ್ಠ ಎರಡನ್ನಾದರೂ ಹೆಸರು ಹೇಳಿ ತುಂಬಿಸಲು ನಿಮ್ಮಿಂದ ಆಗದಿದ್ದರೆ ಹಂತ 2ಕ್ಕೆ ಹೋಗಿ, ಸಾಲದ ಮಾತಿರುವ ಹಂತ 5ಕ್ಕೆ ಹೋಗಬೇಡಿ.

ಮರು ಲೋಡಿನ ಕಾಲಂ ಒಂದನ್ನೂ ಹಾಕಿ. ಮರು ಲೋಡು ಎಂದರೆ ಸರಕು ಇಳಿಸಿ ವಾಪಸು ಬರುವಾಗ ಸಿಗುವ ಬಾಡಿಗೆ. ಶಿವಮೊಗ್ಗದಿಂದ ಹೋಗುವುದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಬರುವುದನ್ನು ಹಾಕುವವರು ಕಡಿಮೆ.

ಹಂತ 2: ಒಂದು ಮಳೆಗಾಲ ಬೇರೆಯವರ ಗಾಡಿಯಲ್ಲೇ ಕಳೆಯಿರಿ

ಈಗಾಗಲೇ ಚಾಲಕರಾಗಿದ್ದರೆ ಇದಕ್ಕೆ ಖರ್ಚಿಲ್ಲ. ನೂರು ಪುಟದ ಒಂದು ನೋಟ್‌ಪುಸ್ತಕ ಸಾಕು. ಪ್ರತಿ ಟ್ರಿಪ್ಪಿಗೆ ಹೊರಟ ಮತ್ತು ಬಂದ ಕಿಲೋಮೀಟರ್, ಹಾಕಿಸಿದ ಡೀಸೆಲ್, ಲೋಡಿಗಾಗಿ ಕಾದ ದಿನ, ಇಳಿಸಲು ಕಾದ ದಿನ, ಹಮಾಲಿ, ಪಂಚರ್, ದಾರಿ ಖರ್ಚು, ಮಾಲೀಕರ ಕೈಗೆ ಬಂದ ಬಾಡಿಗೆ ಇಷ್ಟನ್ನು ಬರೆಯಿರಿ. ಕೊನೆಯದನ್ನು ಮಾಲೀಕರು ಹೇಳದೆ ಇರಬಹುದು. ಲೋಡು ಕೊಟ್ಟ ಕಚೇರಿಯಲ್ಲಿ ವಿಚಾರಿಸಿದರೆ ಅಂದಾಜು ಸಿಗುತ್ತದೆ.

ಕಾದ ದಿನಗಳನ್ನು ಬಿಡದೆ ಬರೆಯಿರಿ. ಸಂಬಳದ ಚಾಲಕನಿಗೆ ಕಾಯುವುದು ಬೇಸರ ಅಷ್ಟೇ, ದಿನದ ಭತ್ಯೆ ಬರುತ್ತಿರುತ್ತದೆ. ಮಾಲೀಕನಿಗೆ ಕಾದ ಪ್ರತಿ ದಿನವೂ ಖರ್ಚಿನ ದಿನ. ಇದನ್ನು ಓದಿ ತಿಳಿದುಕೊಳ್ಳುವುದು ಬೇರೆ, ಮೂರು ತಿಂಗಳು ಕೈಯಾರೆ ಬರೆದು ಕೂಡಿಸುವುದು ಬೇರೆ. ನನಗೆ ಈ ಬುದ್ಧಿ ಬಂದದ್ದು ಲಾರಿ ಕೊಂಡ ಎರಡನೆಯ ವರ್ಷ.

ಹಂತ 3: ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿ

ಇಡೀ ಲೇಖನದಲ್ಲಿ ನೀವು ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದು. ಖರ್ಚನ್ನು ಎರಡು ಪಾಲು ಮಾಡಿ. ಗಾಡಿ ನಿಂತರೂ ತಪ್ಪದ ಖರ್ಚು ಒಂದು, ಓಡಿದರೆ ಮಾತ್ರ ಬರುವ ಖರ್ಚು ಇನ್ನೊಂದು.

ಉದಾಹರಣೆಗೆ, 16 ಲಕ್ಷ ರೂಪಾಯಿಗೆ ಹಳೆಯ ಆರು ಚಕ್ರದ ಲಾರಿ ಕೊಂಡಿರಿ ಎನ್ನೋಣ. ಕೈಯಿಂದ 4 ಲಕ್ಷ, ಸಾಲ 12 ಲಕ್ಷ, ಬಡ್ಡಿ ಶೇ 14, ಅವಧಿ 36 ತಿಂಗಳು. ತಿಂಗಳ ಕಂತು ಸುಮಾರು 41,000. ವಿಮೆಗೆ ವರ್ಷಕ್ಕೆ 75,000, ತೆರಿಗೆ, ಪರ್ಮಿಟ್, ಎಫ್‌ಸಿಗೆ (ಗಾಡಿ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರಕ್ಕೆ) 45,000 ಎಂದು ಹಿಡಿದರೆ ಇವೆರಡೂ ಸೇರಿ ತಿಂಗಳಿಗೆ 10,000. ಅಲ್ಲಿಗೆ 51,000 ಆಯಿತು. ಇಲ್ಲಿಗೆ ನಿಲ್ಲಿಸುವುದೇ ಎಲ್ಲರೂ ಮಾಡುವ ತಪ್ಪು. ನಿಮ್ಮ ಸಂಬಳ ಎಲ್ಲಿ? ಸ್ವಂತ ಗಾಡಿ ಎಂದ ಮಾತ್ರಕ್ಕೆ ನೀವು ಬಿಟ್ಟಿ ಚಾಲಕರಲ್ಲ. 25,000 ಸೇರಿಸಿ. ಒಟ್ಟು 76,000. ಇದರಲ್ಲಿ ಕ್ಲೀನರ್ ಇಲ್ಲ, ಗಮನಿಸಿ.

ಓಡಿದರೆ ಬರುವ ಖರ್ಚು: ಡೀಸೆಲ್ ಲೀಟರಿಗೆ 91 ರೂಪಾಯಿ, ಏರಿಳಿತದ ರಸ್ತೆಯಲ್ಲಿ ಸರಾಸರಿ ಲೀಟರಿಗೆ ನಾಲ್ಕೂವರೆ ಕಿ.ಮೀ. ಎಂದರೆ ಕಿಲೋಮೀಟರಿಗೆ 20 ರೂಪಾಯಿ. ಟೈರಿಗೆ 2, ಆಯಿಲ್, ಬ್ರೇಕ್ ಲೈನರ್, ಕ್ಲಚ್ಚು, ರಿಪೇರಿಗೆ 3. ಒಟ್ಟು 25. ನಿಮ್ಮ ನೋಟ್‌ಪುಸ್ತಕದ ಅಂಕಿ ಬೇರೆ ಇದ್ದರೆ ಅದನ್ನೇ ಬಳಸಿ, ನನ್ನದನ್ನು ಬಿಡಿ.

ಈಗ ನೋಡಿ. ತಿಂಗಳಿಗೆ 4,000 ಕಿ.ಮೀ. ಓಡಿದರೆ 76,000 ರೂಪಾಯಿ ಹಂಚಿಕೊಂಡು ಕಿ.ಮೀ.ಗೆ 19 ಬೀಳುತ್ತದೆ. 25 ಸೇರಿಸಿದರೆ 44. ಮಳೆಗಾಲದಲ್ಲಿ 2,000 ಕಿ.ಮೀ. ಮಾತ್ರ ಓಡಿದರೆ 38, ಅದಕ್ಕೆ 25 ಸೇರಿ 63. ಗಾಡಿ ಅದೇ, ಚಾಲಕ ಅವನೇ, ರಸ್ತೆಯೂ ಅದೇ. ಎಂಟು ತಿಂಗಳು ಪೂರ್ತಿ, ನಾಲ್ಕು ತಿಂಗಳು ಅರ್ಧ ಓಡಿದರೆ ವರ್ಷಕ್ಕೆ 40,000 ಕಿ.ಮೀ. ಆಗುತ್ತದೆ, ವರ್ಷದ ಸರಾಸರಿ ಸುಮಾರು 48 ರೂಪಾಯಿ. ಇದು ಖಾಲಿ ಓಡಿದ್ದೂ ಸೇರಿ. ಓಡಿದ್ದರಲ್ಲಿ ಮೂರನೆಯ ಒಂದು ಪಾಲು ಖಾಲಿ ಎಂದಾದರೆ, ಲೋಡು ಹೊತ್ತ ಪ್ರತಿ ಕಿ.ಮೀ.ಗೆ 72 ರೂಪಾಯಿ ಸಿಗಲೇಬೇಕು. ಅಷ್ಟು ಸಿಕ್ಕರೆ ನಿಮ್ಮ ಸಂಬಳ ಗಿಟ್ಟಿತು, ಲಾಭ ಇನ್ನೂ ಶುರುವಾಗಿಲ್ಲ.

ಇದನ್ನು ಊರಿನ ಭಾಷೆಗೆ ತರೋಣ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಹೋಗಿಬರಲು 600. ಕಿ.ಮೀ.ಗೆ 48ರಂತೆ 28,800 ರೂಪಾಯಿ. ಮರು ಲೋಡಿಗೆ 9,000 ಸಿಕ್ಕರೆ ಹೋಗುವ ಲೋಡಿನಿಂದ 19,800 ಬರಬೇಕು. 11 ಟನ್ನಿಗೆ ಹಂಚಿದರೆ ಟನ್ನಿಗೆ 1,800. ಈಗ ಮಾರುಕಟ್ಟೆಗೆ ಹೋಗಿ ಟನ್ನಿಗೆ ಎಷ್ಟು ಕೊಡುತ್ತಿದ್ದಾರೆ ಎಂದು ಕೇಳಿ. ಸಿಕ್ಕ ಉತ್ತರ ನಿಮ್ಮ ಅಂಕಿಗಿಂತ ಕಡಿಮೆ ಇದ್ದರೆ, ‘ಹೇಗೋ ಸರಿದೂಗಿಸುತ್ತೇನೆ’ ಎಂಬ ಮಾತನ್ನು ಮನಸ್ಸಿನಲ್ಲೂ ಆಡಬೇಡಿ. ಸರಿದೂಗಿಸುವುದು ಎಂದರೆ ನಿದ್ದೆ ಬಿಡುವುದು, ಇಲ್ಲವೇ ಹೆಚ್ಚು ತೂಕ ಹೇರುವುದು.

ಇನ್ನೊಂದು ಅಂಕಿ ನೆನಪಿನಲ್ಲಿಡಿ: 25. ಹೋಗಿಬರುವ ಒಟ್ಟು ಕಿ.ಮೀ.ಗೆ ಹಂಚಿದಾಗ ಬಾಡಿಗೆ ಇದಕ್ಕಿಂತ ಕಡಿಮೆ ಬಂದರೆ ಗಾಡಿ ನಿಲ್ಲಿಸಿಕೊಂಡಿರುವುದೇ ಲಾಭ. ಕಂತು ಹೇಗೂ ತಪ್ಪುವುದಿಲ್ಲ, ಟೈರಾದರೂ ಉಳಿಯುತ್ತದೆ. 25ಕ್ಕೂ 48ಕ್ಕೂ ನಡುವೆ ಬಂದರೆ, ಮಳೆಗಾಲದಲ್ಲಿ ಒಪ್ಪಿಕೊಳ್ಳಬಹುದು. ಸುಗ್ಗಿಯಲ್ಲೂ ಒಪ್ಪಿಕೊಳ್ಳುವ ಸ್ಥಿತಿ ಬಂದಿದ್ದರೆ ನಿಮ್ಮ ಲೆಕ್ಕದಲ್ಲೋ ಲೋಡಿನಲ್ಲೋ ಮೂಲದಲ್ಲೇ ತಪ್ಪಿದೆ.

ಡೀಸೆಲ್ ದರ ನಿಮ್ಮ ಕೈಯಲ್ಲಿಲ್ಲ. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಲೀಟರಿಗೆ ಸುಮಾರು ಎರಡು ರೂಪಾಯಿ ಹೆಚ್ಚಿತು. ನಮ್ಮ ಉದಾಹರಣೆಯ ಲಾರಿಗೆ ಅದೊಂದರಿಂದಲೇ ವರ್ಷಕ್ಕೆ ಸುಮಾರು 17,800 ರೂಪಾಯಿ ಹೊರೆ. ಬಾಡಿಗೆ ಮಾತ್ರ ಅದೇ ದಿನ ಏರುವುದಿಲ್ಲ.

ಹಂತ 4: ಲೋಡು ಹೇಳಿದ ಗಾತ್ರದ ಗಾಡಿ ಆರಿಸಿ

ಗಾಡಿಯ ತೂಕ ಎಂದಾಗ ಇಲ್ಲಿ ಒಟ್ಟು ತೂಕ ಎಂದೇ ಅರ್ಥ, ಅಂದರೆ ಖಾಲಿ ಗಾಡಿ ಮತ್ತು ಸರಕು ಸೇರಿ ಕಾನೂನು ಒಪ್ಪುವ ಗರಿಷ್ಠ ತೂಕ. 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಮೋಟಾರು ವಾಹನ ಕಾಯ್ದೆಯಡಿ ಪರ್ಮಿಟ್ಟೇ ಬೇಕಿಲ್ಲ. 7,500 ಕೆ.ಜಿ.ಯೊಳಗಿನ ಗಾಡಿಯನ್ನು ಲಘು ಮೋಟಾರು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಸ್ಪಷ್ಟಪಡಿಸಿದೆ. ಆರು ಚಕ್ರದ ಎರಡು ಆಕ್ಸಲ್ ಲಾರಿಗೆ 2018ರ ಪರಿಷ್ಕರಣೆಯ ನಂತರ 18.5 ಟನ್ ಮಿತಿ. ಹತ್ತು ಚಕ್ರಕ್ಕೆ 28 ಟನ್ನಿನ ಆಸುಪಾಸು.

ಹೆಚ್ಚಿನವರ ಕಣ್ಣು ಹತ್ತು, ಹನ್ನೆರಡು ಚಕ್ರದ ಮೇಲೆ. ಟನ್ನಿಗೆ ಖರ್ಚು ಕಡಿಮೆ ಎಂಬುದು ನಿಜ. ಆದರೆ ಒಬ್ಬನೇ ಮಾಲೀಕ, ಒಬ್ಬನೇ ಚಾಲಕ, ಮನೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಎಂದಾದರೆ, ನಾನು ಮಧ್ಯಮ ಗಾತ್ರದ, ಏಳೂವರೆ ಟನ್ನಿನೊಳಗಿನ ಗಾಡಿಯ ಪರ. ತೋಟದ ಅಂಗಳದವರೆಗೆ ಹೋಗುತ್ತದೆ, ಕಿರುಸೇತುವೆಗಳ ತೂಕ ಮಿತಿಗೆ ಹೆದರಬೇಕಿಲ್ಲ. ಅಡಿಕೆ ಚೀಲ ಮಂಡಿಗೆ ಒಯ್ದು, ಗೊಬ್ಬರವನ್ನೋ ಹಿಂಡಿಯನ್ನೋ ತುಂಬಿಕೊಂಡು ವಾಪಸು ಬರಬಹುದು. ರಾತ್ರಿ ಮನೆಯಲ್ಲಿ ಮಲಗಬಹುದು. ಮಳೆಗಾಲದಲ್ಲಿ ಕಂತಿನ ಭಾರವೂ ಚಿಕ್ಕದು. ದೆಹಲಿ, ಕಾನ್ಪುರದ ದಾರಿ ದೊಡ್ಡ ಸಂಸ್ಥೆಗಳ ಆಟ. ಒಂದೇ ಗಾಡಿ ಇರುವವನು ಅಲ್ಲಿ ಮರು ಲೋಡಿಗೆ ನಾಲ್ಕು ದಿನ ಕಾಯುತ್ತಾನೆ, ಹತ್ತು ಗಾಡಿಯವನಿಗೆ ಅಲ್ಲೊಂದು ಕಚೇರಿಯೇ ಇರುತ್ತದೆ.

ಹಂತ 5: ಸಾಲ

ಬಡ್ಡಿ ಎಷ್ಟು ಎಂದು ಕೇಳುವ ಮುನ್ನ ಯಾವ ಬಗೆಯ ಬಡ್ಡಿ ಎಂದು ಕೇಳಿ. ‘ಫ್ಲಾಟ್’ ಎಂದರೆ ಅಸಲು ತೀರುತ್ತಾ ಬಂದರೂ ಮೊದಲ ದಿನದ ಪೂರ್ತಿ ಮೊತ್ತಕ್ಕೇ ಕೊನೆಯವರೆಗೆ ಬಡ್ಡಿ. ‘ರೆಡ್ಯೂಸಿಂಗ್’ ಎಂದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ. 12 ಲಕ್ಷಕ್ಕೆ ಮೂರು ವರ್ಷ ಶೇ 8ರ ಫ್ಲಾಟ್ ಬಡ್ಡಿಯಾದರೆ ಕಂತು 41,333. ಶೇ 14ರ ರೆಡ್ಯೂಸಿಂಗ್ ಬಡ್ಡಿಯಾದರೆ ಸುಮಾರು 41,000. ಎಂಟು ಎಂದು ಕೇಳಿ ಹಿಗ್ಗಿದವನು ಹದಿನಾಲ್ಕಕ್ಕಿಂತ ಹೆಚ್ಚು ಕಟ್ಟುತ್ತಾನೆ. ‘ಒಟ್ಟು ಎಷ್ಟು ಕಟ್ಟಬೇಕು, ಬರೆದುಕೊಡಿ’ ಎಂದು ಕೇಳಿ. ಪ್ರಕ್ರಿಯೆ ಶುಲ್ಕ, ಸಾಲದ ಜೊತೆ ತಳುಕು ಹಾಕಿದ ವಿಮೆ, ಅವಧಿಗೆ ಮುನ್ನ ತೀರಿಸಿದರೆ ದಂಡ, ಕಂತು ತಡವಾದರೆ ದಂಡ, ಈ ನಾಲ್ಕನ್ನೂ ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ.

ಚಿಕ್ಕ ಗಾಡಿಗಾದರೆ ಮೊದಲು ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ಬಗ್ಗೆ ವಿಚಾರಿಸಿ. 10 ಲಕ್ಷದವರೆಗೆ ಜಾಮೀನು ಆಸ್ತಿ ಕೇಳದೆ ಸಾಲ ಕೊಡುವ ಯೋಜನೆ ಅದು.

ಎರಡು ಎಚ್ಚರಿಕೆಗಳು. ಕೈಯಿಂದ ಹಾಕುವ ಹಣಕ್ಕಾಗಿ ಚಿನ್ನ ಅಡವಿಟ್ಟು ಇನ್ನೊಂದು ಸಾಲ ಮಾಡಬೇಡಿ, ಅದು ಕೈಯ ಹಣ ಅಲ್ಲ. ತೋಟದ ಪಹಣಿಯನ್ನು ಲಾರಿ ಸಾಲಕ್ಕೆ ಒತ್ತೆ ಇಡಲೇಬೇಡಿ. ಲಾರಿ ಹೋದರೆ ಇನ್ನೊಂದನ್ನು ಓಡಿಸಬಹುದು, ಅಜ್ಜ ನೆಟ್ಟ ಮರ ಹಾಗಲ್ಲ.

ಮೊದಲ ಮಳೆಗಾಲಕ್ಕೆಂದು ನಾಲ್ಕು ಕಂತಿನಷ್ಟು ಹಣ ಬೇರೆ ಖಾತೆಯಲ್ಲಿರಲಿ. ಅಷ್ಟು ಇಲ್ಲದಿದ್ದರೆ ಒಂದು ವರ್ಷ ಮುಂದೂಡಿ. ಆಯುಧಪೂಜೆಗೆ ಹೊಸ ಗಾಡಿಗೆ ಹೂವಿನ ಹಾರ ಹಾಕುವುದು ಚೆಂದವೇ, ಸುಗ್ಗಿ ಎದುರಿಗೇ ಇರುವುದರಿಂದ ಕಾಲವೂ ತಪ್ಪಲ್ಲ. ಆದರೆ ಹಳೆಯ ಗಾಡಿ ಅಗ್ಗಕ್ಕೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ, ಮಾರುವವನಿಗೂ ಕಂತು ಕಷ್ಟವಾದಾಗ. ಕೈಯಲ್ಲಿ ಹಣ ಇಟ್ಟುಕೊಂಡು ಆಗ ಹುಡುಕಿ, ಅಕ್ಟೋಬರ್‌ನಲ್ಲಿ ಪೂಜೆ ಮಾಡಿದರಾಯಿತು.

ಹಂತ 6: ಹಳೆಯ ಗಾಡಿಯನ್ನು ಕಾಗದದಿಂದ ಶುರು ಮಾಡಿ ನೋಡಿ

ಎಂಜಿನ್ ಶಬ್ದ ಕೇಳುವುದು ಆಮೇಲೆ. ಮೊದಲು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ತೆರಿಗೆ, ಎಫ್‌ಸಿ, ವಿಮೆ, ಪರ್ಮಿಟ್ ಯಾವ ದಿನದವರೆಗಿವೆ, ಕಟ್ಟದ ದಂಡಗಳೆಷ್ಟು, ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಫೈನಾನ್ಸ್ ಹೆಸರು ಉಳಿದಿದೆಯೇ ನೋಡಿ. ಎಫ್‌ಸಿ ಎಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. ಹಳೆಯ ಸಾಲ ತೀರಿದ್ದರೆ ಫೈನಾನ್ಸ್‌ನವರ ಒಪ್ಪಿಗೆ ಪತ್ರ ಮತ್ತು ಆರ್‌ಸಿಯಿಂದ ಅವರ ಹೆಸರು ತೆಗೆಸುವ ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30, ಬೇರೆ ಆರ್‌ಟಿಒ ವ್ಯಾಪ್ತಿಯಿಂದ ತರುವುದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು.

ವಯಸ್ಸು ನೋಡಿ. 12 ವರ್ಷ ದಾಟಿದ ಎರಡು ಆಕ್ಸಲ್ ಲಾರಿಗೆ ನ್ಯಾಷನಲ್ ಪರ್ಮಿಟ್ ಸಿಗುವುದಿಲ್ಲ. ಹನ್ನೊಂದು ವರ್ಷದ ಗಾಡಿ ಅಗ್ಗಕ್ಕೆ ಬಂತೆಂದು ಕೊಂಡರೆ ಮುಂದಿನ ವರ್ಷ ರಾಜ್ಯದ ಗಡಿಯೇ ನಿಮ್ಮ ಗಡಿ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಹೊಗೆ ಶುದ್ಧೀಕರಣಕ್ಕೆಂದು ಹಾಕುವ ಯೂರಿಯಾ ದ್ರಾವಣದ ಖರ್ಚೂ ಇರುತ್ತದೆ, ಅದರ ಸೆನ್ಸರ್ ಕೆಟ್ಟರೆ ಹಳ್ಳಿಯ ಮೆಕ್ಯಾನಿಕ್ ಕೈಚೆಲ್ಲುತ್ತಾನೆ.

ಆಮೇಲೆ ಓಡಿಸಿ ನೋಡಿ, ಸಮತಟ್ಟಿನಲ್ಲಲ್ಲ, ಏರಿನಲ್ಲಿ. ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡುತ್ತಿದೆಯೇ ನೋಡಿ. ಇಳಿಜಾರಿನಲ್ಲಿ ಎಂಜಿನ್ನಿನಿಂದಲೇ ವೇಗ ಹಿಡಿಯುವ ಈ ಸಾಧನ ಬಯಲುಸೀಮೆಯಲ್ಲಿ ಓಡಿದ ಗಾಡಿಯಲ್ಲಿ ಕೆಟ್ಟು ಬಿದ್ದಿರುವುದುಂಟು. ಘಾಟಿ ಇಳಿಯುವವನಿಗೆ ಅದಿಲ್ಲದೆ ಆಗದು.

ಹಂತ 7: ನಿಮ್ಮ ಹೆಸರಿನಲ್ಲಿ ಇರಬೇಕಾದ ಕಾಗದಗಳು

ಭಾರಿ ಸರಕು ವಾಹನದ ಲೈಸೆನ್ಸಿಗೆ 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು. ಅವಧಿ ಐದು ವರ್ಷ. ಹೊರ ರಾಜ್ಯಕ್ಕೆ ಹೋಗುವುದಾದರೆ ನ್ಯಾಷನಲ್ ಪರ್ಮಿಟ್: ವರ್ಷಕ್ಕೆ 16,500 ರೂಪಾಯಿಯ ಒಟ್ಟು ಶುಲ್ಕ, ತವರು ರಾಜ್ಯಕ್ಕೆ 1,000. ಕರ್ನಾಟಕದೊಳಗೇ ಓಡುವವನು ಇದನ್ನು ಮಾಡಿಸಿ ಹಣ ಕಳೆಯುವ ಅಗತ್ಯವಿಲ್ಲ.

ವಿಮೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಥರ್ಡ್ ಪಾರ್ಟಿ ಎಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಮಾತ್ರ. 2022ರ ಜೂನ್‌ನಲ್ಲಿ ಜಾರಿಯಾದ ದರದಂತೆ 7,500 ಕೆ.ಜಿ.ವರೆಗಿನ ಸರಕು ವಾಹನಕ್ಕೆ ಇದು 16,049 ರೂಪಾಯಿ, 12ರಿಂದ 20 ಟನ್ನಿನ ಗಾಡಿಗೆ 35,313, ಮೇಲೆ ಜಿಎಸ್‌ಟಿ. ನಿಮ್ಮ ಗಾಡಿಗೆ ಏನಾದರೂ ಆದರೆ ಅದಕ್ಕೆ ಬೇರೆ ವಿಮೆ, ಹೊತ್ತ ಸರಕಿಗೆ ಇನ್ನೂ ಬೇರೆ. ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸೇರಿದೆಯೇ ಎಂದು ಪಾಲಿಸಿಯಲ್ಲಿ ಬೆರಳಿಟ್ಟು ನೋಡಿ. ಹಳೆಯ ಗಾಡಿ ಕೊಂಡರೆ ಹದಿನಾಲ್ಕು ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ.

ಮಲೆನಾಡಿನಲ್ಲಿ ಮದುವೆ ದಿಬ್ಬಣಕ್ಕೂ ತೋಟದ ಕೂಲಿಗೂ ಸರಕು ಗಾಡಿಯಲ್ಲಿ ಜನ ಹತ್ತಿಸುವ ರೂಢಿ ಇದೆ. ‘ನಮ್ಮವರೇ, ಎರಡು ಮೈಲಿ’ ಎನ್ನುತ್ತಾರೆ. ಹಾಗೆ ಹತ್ತಿದವರು ವಿಮೆಯ ಲೆಕ್ಕಕ್ಕೆ ಬರುವುದಿಲ್ಲ. ಅಪಘಾತವಾದರೆ ಪರಿಹಾರ ಮಾಲೀಕನ ತಲೆಗೇ ಕಟ್ಟುತ್ತಾರೆ. ಭಾವನ ಮನೆ ಮದುವೆಯಾದರೂ ಬೇಡ ಎನ್ನಿ.

ತೆರಿಗೆಗೆ ಹೆದರಬೇಡಿ. ಟ್ರಾನ್ಸ್‌ಪೋರ್ಟ್ ಕಚೇರಿಗೆ ಲಾರಿ ಬಾಡಿಗೆಗೆ ಕೊಡುವ ಸಣ್ಣ ಮಾಲೀಕನಿಗೆ ಆ ಬಾಡಿಗೆಯ ಮೇಲೆ ಜಿಎಸ್‌ಟಿ ವಿನಾಯಿತಿ ಇದೆ. ಆದಾಯ ತೆರಿಗೆಯಲ್ಲಿ 44ಎಇ ಎಂದು ಹೆಸರಾದ ಸರಳ ಪದ್ಧತಿಯಂತೆ, ಹತ್ತು ಗಾಡಿ ಮೀರದವರು 12 ಟನ್ ದಾಟಿದ ಗಾಡಿಗೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ, ಅದಕ್ಕಿಂತ ಚಿಕ್ಕದಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯ ಎಂದು ತೋರಿಸಬಹುದು. 18.5 ಟನ್ನಿನ ಲಾರಿಗೆ ವರ್ಷಕ್ಕೆ 2.22 ಲಕ್ಷ. ತೆರಿಗೆ ಬಾರದಿದ್ದರೂ ರಿಟರ್ನ್ ಸಲ್ಲಿಸಿ, ಮುಂದಿನ ಸಾಲಕ್ಕೆ ಬ್ಯಾಂಕು ಕೇಳುವುದು ಅದನ್ನೇ. ಪ್ಯಾನ್ ಜೊತೆ ‘ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲ’ ಎಂಬ ಘೋಷಣೆ ಕೊಟ್ಟರೆ ಕಂಪನಿಗಳು ಬಾಡಿಗೆಯಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಮುರಿದುಕೊಳ್ಳುವ ಹಾಗಿಲ್ಲ.

ಹಂತ 8: ಟಾರ್ಪಾಲು ಕಟ್ಟುವ ಮುನ್ನ

ಸಂಬಳದ ಚಾಲಕನಾಗಿದ್ದಾಗ ತಪ್ಪು ಸರಕು ಸಿಕ್ಕಿಬಿದ್ದರೆ ಗಾಡಿ ಸಾಹುಕಾರರದ್ದು. ಈಗ ನಿಮ್ಮದು.

ಅಡಿಕೆಗೆ ಶೇ 5ರ ಜಿಎಸ್‌ಟಿ ಇದೆ, ತೆರಿಗೆ ತಪ್ಪಿಸುವವರೂ ಇದ್ದಾರೆ, ಹಾಗಾಗಿ ಅಡಿಕೆ ಗಾಡಿಯ ಮೇಲೆ ತನಿಖಾ ದಳದ ಕಣ್ಣು ಸದಾ ಇರುತ್ತದೆ. 50,000 ರೂಪಾಯಿ ದಾಟಿದ ಸರಕಿಗೆ ಇ-ವೇ ಬಿಲ್ ಬೇಕು. ಅದು ಸರಕಿನ ಸಾಗಣೆಗೆಂದು ಜಿಎಸ್‌ಟಿ ಜಾಲತಾಣದಲ್ಲಿ ತೆಗೆಯುವ ಚೀಟಿ. ಅದರಲ್ಲಿರುವ ಗಾಡಿ ಸಂಖ್ಯೆ ನಿಮ್ಮದೇ ಆಗಿರಬೇಕು, ಚೀಲದ ಎಣಿಕೆ ಸರಿಯಿರಬೇಕು. ಬಿಲ್ಲಿನಲ್ಲಿ ಒಂದು, ಟಾರ್ಪಾಲಿನಡಿ ಇನ್ನೊಂದು ಎಂದು ಗೊತ್ತಾದರೆ ಎಷ್ಟೇ ಬಾಡಿಗೆ ಕೊಟ್ಟರೂ ಬೇಡ. ಕಾನೂನು ಸರಕನ್ನು ಮಾತ್ರವಲ್ಲ, ಗಾಡಿಯನ್ನೂ ತಡೆಹಿಡಿಯುತ್ತದೆ. ನಾಟಾ ಮತ್ತು ಕಟ್ಟಿಗೆಗೆ ಅರಣ್ಯ ಇಲಾಖೆಯ ಪಾಸು ಬೇಕು. ಪಾಸಿಲ್ಲದೆ ಅರಣ್ಯ ಉತ್ಪನ್ನ ಹೊತ್ತ ಗಾಡಿಯನ್ನು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಮುಟ್ಟುಗೋಲು ಹಾಕಿಕೊಳ್ಳಬಹುದು. ‘ನಮ್ಮದೇ ತೋಟದ ಮರ’ ಎಂಬ ಮಾತು ಪಾಸಿಗೆ ಬದಲಿ ಆಗುವುದಿಲ್ಲ. ಮರಳು, ಕಲ್ಲು, ಜಲ್ಲಿಗೆ ಗಣಿ ಇಲಾಖೆಯ ಸಾಗಣೆ ಪರವಾನಗಿ.

ಹೆಚ್ಚು ತೂಕಕ್ಕೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000, ಜೊತೆಗೆ ಹೆಚ್ಚುವರಿ ಸರಕು ಇಳಿಸುವ ಖರ್ಚು. ಘಾಟಿಯಲ್ಲಿ ಬ್ರೇಕು ಕಾಯ್ದರೆ ಆಗುವ ನಷ್ಟಕ್ಕೆ ದರಪಟ್ಟಿ ಇಲ್ಲ.

ದಾರಿಯ ಮಾತನ್ನೂ ಮೊದಲೇ ಮುಗಿಸಿ. ಹದಿನಾಲ್ಕು ಹೇರ್‌ಪಿನ್ ತಿರುವಿನ ಆಗುಂಬೆ ಘಾಟಿ ಭಾರಿ ಲಾರಿಯ ದಾರಿಯಲ್ಲ. ಕರಾವಳಿಗೆ ಹೋಗುವವರು ಮಾಸ್ತಿಕಟ್ಟೆ, ಹುಲಿಕಲ್ ಘಾಟಿ, ಸಿದ್ದಾಪುರದ ಮೇಲೆ ಕುಂದಾಪುರಕ್ಕೆ ಇಳಿಯುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಜಿಲ್ಲಾಧಿಕಾರಿಯ ಆದೇಶದಂತೆ ಅದೂ ಮುಚ್ಚಿದರೆ ಸಾಗರ, ಗೇರುಸೊಪ್ಪೆ, ಹೊನ್ನಾವರ ಸುತ್ತಬೇಕು. ನೂರರ ಆಸುಪಾಸು ಕಿ.ಮೀ. ಹೆಚ್ಚು. ಆ ನೂರು ಕಿ.ಮೀ. ಯಾರ ಖರ್ಚು? ಲೋಡು ಒಪ್ಪುವಾಗಲೇ ಕೇಳಿ. ಸುತ್ತುದಾರಿಯಿಂದ ಇ-ವೇ ಬಿಲ್ ಅವಧಿ ಮುಗಿಯುವುದೂ ಉಂಟು. 200 ಕಿ.ಮೀ.ಗೆ ಒಂದು ದಿನದ ಲೆಕ್ಕ ಅದು. ಅವಧಿ ಮುಗಿಯುವ ಎಂಟು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದವರೆಗೆ ಅದನ್ನು ವಿಸ್ತರಿಸಬಹುದು. ಯಾರಿಗೆ ಫೋನು ಮಾಡಬೇಕು ಎಂಬುದು ಹೊರಡುವಾಗಲೇ ಗೊತ್ತಿರಲಿ.

ಹಂತ 9: ಬಾಡಿಗೆ ವಸೂಲಿ

ಬಿಲ್ಟಿ ಎಂದರೆ ಟ್ರಾನ್ಸ್‌ಪೋರ್ಟ್ ಕಚೇರಿ ಕೊಡುವ ಲಾರಿ ರಸೀದಿ. ಅದರಲ್ಲಿ ಒಪ್ಪಿದ ಬಾಡಿಗೆ, ಕೊಟ್ಟ ಮುಂಗಡ, ಉಳಿದ ಬಾಕಿ, ಹಾಲ್ಟಿಂಗ್ ದರ ಬರೆದಿರಲಿ. ಹಾಲ್ಟಿಂಗ್ ಎಂದರೆ ಇಳಿಸುವ ಕಡೆ ಕಾಯಿಸಿದರೆ ದಿನಕ್ಕಿಷ್ಟು ಎಂದು ಕೊಡಬೇಕಾದ ಹಣ. ಡೀಸೆಲ್ಲಿಗಾದರೂ ಸಾಲುವಷ್ಟು ಮುಂಗಡ ಬಾರದೆ ಗಾಡಿ ಎಬ್ಬಿಸಬೇಡಿ. ಸರಕು ಮುಟ್ಟಿದ ಸಹಿ ಇರುವ ಪ್ರತಿಯ ಫೋಟೊ ತೆಗೆದಿಟ್ಟುಕೊಂಡು ಮೂಲ ಪ್ರತಿ ಒಪ್ಪಿಸಿ.

ನನ್ನ ಮೊದಲ ವರ್ಷದಲ್ಲಿ ಒಂದು ಕಚೇರಿಯವರು ಮೂರು ಲೋಡಿನ ಬಾಕಿ ಉಳಿಸಿಕೊಂಡು ಬಾಗಿಲು ಹಾಕಿದರು. ಮೊದಲ ಬಾಕಿ ಬರದಿದ್ದಾಗಲೇ ಎರಡನೆಯ ಲೋಡು ಹತ್ತಿಸಬಾರದಿತ್ತು. ಅಂದಿನಿಂದ ಒಬ್ಬರಲ್ಲಿ ಒಂದಕ್ಕಿಂತ ಹೆಚ್ಚು ಬಾಕಿ ಬಿಟ್ಟಿಲ್ಲ.

ಹಂತ 10: ಬಿಡುವ ದಿನವನ್ನೂ ಈಗಲೇ ಗೊತ್ತುಮಾಡಿ

ಕೊಳ್ಳುವ ದಿನವೇ ಒಂದು ಗಡಿ ಬರೆದಿಡಿ. ನನ್ನ ಸಲಹೆ: ಎರಡು ಮಳೆಗಾಲ ಸಾಲು ಸಾಲಾಗಿ ಕೈಸಾಲದಿಂದ ಕಂತು ಕಟ್ಟಬೇಕಾಗಿ ಬಂದರೆ ಮಾರಿಬಿಡಿ. ಅದೂ ಅಕ್ಟೋಬರ್‌ನಲ್ಲಿ, ಕೊಳ್ಳುವವರು ಇರುವಾಗ. ಫೈನಾನ್ಸ್‌ನವರು ಎಳೆದುಕೊಂಡು ಹೋದ ಗಾಡಿಗೆ ಬರುವ ಬೆಲೆಗೂ ನೀವೇ ಮಾರಿದ ಬೆಲೆಗೂ ಅಜಗಜಾಂತರ.

ಮಾರುವಾಗ ಕೀಲಿಕೈ ಕೊಟ್ಟು ಖಾಲಿ ನಮೂನೆಗೆ ಸಹಿ ಹಾಕಿ ಬಂದುಬಿಡಬೇಡಿ. ಆರ್‌ಸಿಯಲ್ಲಿ ಹೆಸರು ಇರುವವರೆಗೆ ಅಪಘಾತ ಪರಿಹಾರದ ನೋಟಿಸು ಬರುವುದು ನಿಮ್ಮ ಮನೆಗೇ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಕೊಂಡವನ ಜೊತೆ ನೀವೇ ಆರ್‌ಟಿಒ ಕಚೇರಿಗೆ ಹೋಗಿ, ನಮೂನೆ 29 ಮತ್ತು 30 ಸಲ್ಲಿಸಿದ ಸ್ವೀಕೃತಿಯ ಪ್ರತಿ ಪಡೆಯಿರಿ. ಒಂದು ತಿಂಗಳ ನಂತರ ಪರಿವಾಹನ್‌ನಲ್ಲಿ ಹಳೆಯ ಸಂಖ್ಯೆ ಹಾಕಿ ಮಾಲೀಕರ ಹೆಸರು ಬದಲಾಗಿದೆಯೇ ಎಂದು ಇನ್ನೊಮ್ಮೆ ನೋಡಿ. ಬದಲಾಗಿರದಿದ್ದರೆ ಅದೇ ದಿನ ಫಾಸ್ಟ್ಯಾಗ್ ಮುಚ್ಚಿಸಿ, ಕೊಂಡವನಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದು, ಅದರ ಪ್ರತಿಯನ್ನು ಆರ್‌ಟಿಒಗೂ ಕಳಿಸಿ.